ಕಿಡ್ನಿ ಹೊಳೆಯಿತು, ಗೆಡ್ಡೆ ಮಂಕಾಯಿತು: ಪೆಪ್ಟೈಡ್ ಲಿಗ್ಯಾಂಡ್ ವಿನ್ಯಾಸದಲ್ಲಿ ತಪ್ಪನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಸೊಮ್ಯಾಟೊಸ್ಟಾಟಿನ್ ರಿಸೆಪ್ಟರ್ 2ಕ್ಕೆ (ಆ ಹಾರ್ಮೋನನ್ನು ಹಿಡಿಯುವ, ಕೋಶದ ಮೇಲಿನ ಪ್ರೋಟೀನು) ಅಂಟುವ, ಎಂಟು ಅಮೈನೋ ಆಮ್ಲಗಳ ಉಂಗುರದ ಪೆಪ್ಟೈಡ್ ಒಂದನ್ನು ತಯಾರಿಸಿದ್ದೇನೆ. ಬರಿಯ ಪೆಪ್ಟೈಡಿನ ಐಸಿ50 (ರಿಸೆಪ್ಟರಿನಲ್ಲಿ ಕೂತ ಪೈಪೋಟಿಯ ಅಣುಗಳಲ್ಲಿ ಅರ್ಧವನ್ನು ಎಬ್ಬಿಸಲು ಬೇಕಾದ ಸಾಂದ್ರತೆ; ಅಂಕಿ ಕಡಿಮೆಯಾದಷ್ಟೂ ಬಿಗಿತ ಹೆಚ್ಚು) ಸುಮಾರು 3 ನ್ಯಾನೊಮೋಲಾರ್ ಇತ್ತು. ಪೆಟ್ ಸ್ಕ್ಯಾನಿಗೆಂದು ಡೋಟಾ (ಲೋಹವನ್ನು ಹಿಡಿದಿಡುವ ಕೀಲೇಟರ್) ಸೇರಿಸಿದ ಮೇಲೆ 30ಕ್ಕೆ ಏರಿತು. ವಿಕಿರಣಶೀಲ ಲೋಹವಾದ ಗ್ಯಾಲಿಯಂ-68 ಹಾಕಿ ಇಲಿಯಲ್ಲಿ ನೋಡಿದರೆ ಕಿಡ್ನಿ ಝಗಝಗಿಸುತ್ತದೆ, ಗೆಡ್ಡೆ ಮಂಕಾಗಿದೆ. ಪೆಪ್ಟೈಡಿನ ಸರಣಿಯನ್ನೇ ಬದಲಿಸಬೇಕೇ? ಒಂದೇ ರಿಸೆಪ್ಟರನ್ನು ಆಯ್ದು ಹಿಡಿಯುವ ಲಿಗ್ಯಾಂಡನ್ನು, ಅಂದರೆ ಅದಕ್ಕೆ ಅಂಟುವ ಅಣುವನ್ನು, ಮೊದಲಿನಿಂದ ವಿನ್ಯಾಸ ಮಾಡುವ ಸರಿಯಾದ ಕ್ರಮ ಯಾವುದು?

ಉತ್ತರ: ಸರಣಿಗೆ ಈಗಲೇ ಕೈ ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ: ‘ಬರಿಯ ಪೆಪ್ಟೈಡಿನ ಐಸಿ50’. ರೋಗಿಯ ರಕ್ತಕ್ಕೆ ಹೋಗುವುದು ಬರಿಯ ಪೆಪ್ಟೈಡ್ ಅಲ್ಲ. ಪೆಪ್ಟೈಡ್, ನಡುವಿನ ಕೊಂಡಿ, ಲೋಹ ಹಿಡಿಯುವ ಕೀಲೇಟರ್, ಅದರೊಳಗೆ ಕೂತ ಲೋಹ, ಈ ನಾಲ್ಕೂ ಸೇರಿದ ಒಂದೇ ಅಣು ಅದು. ರಿಸೆಪ್ಟರ್ ಎದುರಿಸುವುದೂ ಕಿಡ್ನಿ ಸೋಸುವುದೂ ಆ ಇಡೀ ಅಣುವನ್ನೇ. ಹಾಗಾಗಿ ಅಳೆಯಬೇಕಾದದ್ದೂ ಅದನ್ನೇ. ಇದೇ ರಿಸೆಪ್ಟರಿನ ಇತಿಹಾಸ ಈ ಮಾತಿಗೆ ಒಳ್ಳೆಯ ಸಾಕ್ಷಿ. ಅದನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

1973ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಬೇರ್ಪಡಿಸಿದ ಸೊಮ್ಯಾಟೊಸ್ಟಾಟಿನ್ 14 ಅಮೈನೋ ಆಮ್ಲಗಳ ಹಾರ್ಮೋನು. 3 ಮತ್ತು 14ನೆಯ ಸಿಸ್ಟೀನುಗಳ ನಡುವಿನ ಗಂಧಕದ ಸೇತುವೆ ಅದನ್ನು ಉಂಗುರವಾಗಿಸುತ್ತದೆ. ರಕ್ತದಲ್ಲಿ ಅದರ ಅರ್ಧಾಯು ಎರಡು ಮೂರು ನಿಮಿಷ ಮಾತ್ರ, ಕಿಣ್ವಗಳು ಅಷ್ಟು ಬೇಗ ಕತ್ತರಿಸಿಬಿಡುತ್ತವೆ. ಒಂದೊಂದೇ ಅಮೈನೋ ಆಮ್ಲವನ್ನು ಬದಲಿಸುತ್ತ ಹೋದಾಗ, ಕೆಲಸ ಮಾಡುವುದು ನಡುವಿನ ನಾಲ್ಕೇ ಎಂಬುದು ತಿಳಿಯಿತು: ಫಿನೈಲ್‌ಅಲನಿನ್, ಟ್ರಿಪ್ಟೊಫಾನ್, ಲೈಸಿನ್, ಥ್ರಿಯೊನಿನ್. ಮಿಕ್ಕದ್ದೆಲ್ಲ ಈ ನಾಲ್ಕನ್ನು ಸರಿಯಾದ ತಿರುವಿನಲ್ಲಿ ಹಿಡಿದಿಡುವ ಚೌಕಟ್ಟು. ಚೌಕಟ್ಟನ್ನು ಕುಗ್ಗಿಸಿ, ಟ್ರಿಪ್ಟೊಫಾನನ್ನು ಎಡಗೈ ರೂಪದಿಂದ ಬಲಗೈ ರೂಪಕ್ಕೆ, ಅಂದರೆ ಡಿ-ಟ್ರಿಪ್ಟೊಫಾನ್‌ಗೆ ತಿರುಗಿಸಿ, ಮೊದಲಲ್ಲಿ ಡಿ-ಫಿನೈಲ್‌ಅಲನಿನ್, ಕೊನೆಯಲ್ಲಿ ಆಮ್ಲದ ಬದಲು ಆಲ್ಕೊಹಾಲ್ ಇಟ್ಟು 1982ರಲ್ಲಿ ಸ್ಯಾಂಡೋಜ್ ಕಂಪನಿಯವರು ಪ್ರಕಟಿಸಿದ್ದು ಆಕ್ಟ್ರಿಯೊಟೈಡ್. ಎಂಟೇ ಅಮೈನೋ ಆಮ್ಲ, ಅರ್ಧಾಯು ಒಂದೂವರೆಯಿಂದ ಎರಡು ಗಂಟೆ. ಎರಡು ತುದಿಗಳನ್ನೂ ಕಿಣ್ವಕ್ಕೆ ಸಿಗದಂತೆ ಮುಚ್ಚಿ, ನಡುವನ್ನು ಉಂಗುರದಿಂದ ಬಿಗಿದ ಈ ಉಪಾಯ ಇವತ್ತಿಗೂ ಮೊದಲ ಪಾಠ.

ಆಯ್ದು ಹಿಡಿಯುವ ಗುಣವೂ ಈ ಕುಗ್ಗಿಸುವಿಕೆಯಲ್ಲೇ ಬಂತು. ಸೊಮ್ಯಾಟೊಸ್ಟಾಟಿನ್ ರಿಸೆಪ್ಟರುಗಳು ಐದು. ಸಹಜ ಹಾರ್ಮೋನು ಐದಕ್ಕೂ ಅಂಟುತ್ತದೆ. ಆಕ್ಟ್ರಿಯೊಟೈಡ್ 2ಕ್ಕೆ ಬಿಗಿಯಾಗಿ, 3 ಮತ್ತು 5ಕ್ಕೆ ಸಡಿಲವಾಗಿ ಅಂಟುತ್ತದೆ, 1ಕ್ಕೆ ಅಂಟುವುದೇ ಇಲ್ಲ ಎನ್ನಬಹುದು. ಕಾರಣವನ್ನು 1995ರಲ್ಲಿ ಚೆಲುವಾಗಿ ತೋರಿಸಿದರು: ರಿಸೆಪ್ಟರ್ 1ರಲ್ಲಿ 291ನೆಯ ಗ್ಲುಟಮಿನನ್ನು ಆಸ್ಪರಾಜಿನ್ ಮಾಡಿ, 305ನೆಯ ಸೆರಿನನ್ನು ಫಿನೈಲ್‌ಅಲನಿನ್ ಮಾಡಿದರೆ, ಅಂದರೆ ರಿಸೆಪ್ಟರ್ 2ರಲ್ಲಿ ಆ ಜಾಗಗಳಲ್ಲಿರುವುದನ್ನೇ ತಂದಿಟ್ಟರೆ, ರಿಸೆಪ್ಟರ್ 1 ಕೂಡ ಆಕ್ಟ್ರಿಯೊಟೈಡನ್ನು ಹಿಡಿಯತೊಡಗುತ್ತದೆ. ಎರಡೇ ಅಮೈನೋ ಆಮ್ಲಗಳ ವ್ಯತ್ಯಾಸ! ಲೈಸಿನ್ ಹೋಗಿ ಕೂರುವುದು ರಿಸೆಪ್ಟರಿನ ಆಳದಲ್ಲಿರುವ 122ನೆಯ ಆಸ್ಪಾರ್ಟೇಟಿನ ಎದುರಿಗೆ, ಧನ ಋಣ ವಿದ್ಯುದಂಶಗಳ ಜೋಡಿಯಾಗಿ. ಈ ಆಸ್ಪಾರ್ಟೇಟ್ ಐದೂ ರಿಸೆಪ್ಟರುಗಳಲ್ಲಿದೆ. ಆದ್ದರಿಂದ ಲೈಸಿನ್ ಬಿಗಿತವನ್ನು ಕೊಡುತ್ತದೆ, ಆಯ್ಕೆಯನ್ನು ಕೊಡುವುದಿಲ್ಲ. ಆಯ್ಕೆ ಸಿಗುವುದು ಬಾಯಿಯ ಹತ್ತಿರದ, ರಿಸೆಪ್ಟರಿನಿಂದ ರಿಸೆಪ್ಟರಿಗೆ ಬದಲಾಗುವ ಅಂಚುಗಳಲ್ಲಿ. 2022ರಿಂದೀಚೆಗೆ ಶೀತ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ರಚನೆಗಳು ಬಂದಿವೆ. ಡಾಕಿಂಗ್ (ಅಣು ರಿಸೆಪ್ಟರಿನಲ್ಲಿ ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ನೋಡುವುದು) ಮಾಡುವುದಾದರೆ ಅವುಗಳ ಮೇಲೆ ಮಾಡಿ. ಆದರೆ ಡಾಕಿಂಗ್ ಅಂಕಗಳಿಂದ 1 ಮತ್ತು 10 ನ್ಯಾನೊಮೋಲಾರ್‌ಗಳ ವ್ಯತ್ಯಾಸ ತಿಳಿಯುತ್ತದೆಂದು ನಂಬಬೇಡಿ. ಕೀಲೇಟರನ್ನು ಯಾವ ದಿಕ್ಕಿನಲ್ಲಿ ಕಟ್ಟಿದರೆ ಅದು ಹೊರಗೆ, ನೀರಿನ ಕಡೆ ಚಾಚಿಕೊಂಡಿರುತ್ತದೆ ಎಂದು ನೋಡಲು ಅದು ಬಹಳ ಚೆನ್ನಾಗಿದೆ.

ಈಗ ಲೇಬಲ್ಲಿನ ವಿಷಯ. ಮೊದಲ ಚಿತ್ರಗಳು 1989ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಿಂದ ಬಂದವು. ಆಕ್ಟ್ರಿಯೊಟೈಡಿನ ಮೂರನೆಯ ಜಾಗದಲ್ಲಿ ಟೈರೊಸಿನ್ ಇಟ್ಟು ಅದಕ್ಕೆ ಅಯೋಡಿನ್-123 ಅಂಟಿಸಿದ್ದರು. ಗೆಡ್ಡೆ ಕಂಡಿತು. ಆದರೆ ಅಣು ಪಿತ್ತದ ದಾರಿ ಹಿಡಿದು ಕರುಳಿಗೆ ಹೋಗುತ್ತಿದ್ದುದರಿಂದ ಹೊಟ್ಟೆಯ ಭಾಗವೆಲ್ಲ ಮಸುಕು. ಈ ಗೆಡ್ಡೆಗಳು ಹೆಚ್ಚಾಗಿ ಇರುವುದು ಹೊಟ್ಟೆಯಲ್ಲೇ. ನಂತರ ಡಿಟಿಪಿಎ ಕೀಲೇಟರ್ ಕಟ್ಟಿ ಇಂಡಿಯಂ-111 ಹಾಕಿದರು. ನೀರಿನಲ್ಲಿ ಚೆನ್ನಾಗಿ ಕರಗುವ ಆ ಅಣು ಕಿಡ್ನಿಯ ದಾರಿಗೆ ತಿರುಗಿತು, ಹೊಟ್ಟೆ ತಿಳಿಯಾಯಿತು. 1994ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಅದಕ್ಕೆ. ಆದರೆ ಬಿಗಿತ ಕುಸಿದಿತ್ತು: ರಿಸೆಪ್ಟರ್ 2ಕ್ಕೆ ಐಸಿ50 ಸುಮಾರು 22 ನ್ಯಾನೊಮೋಲಾರ್. ನಿಮಗಾದದ್ದೇ ಅವರಿಗೂ ಆಗಿತ್ತು, ಆದರೂ ಅದು ಎರಡು ದಶಕ ಆಸ್ಪತ್ರೆಗಳಲ್ಲಿ ದುಡಿಯಿತು. 30 ಎಂಬ ಅಂಕಿಯೊಂದನ್ನೇ ನೋಡಿ ಅಣುವನ್ನು ಬಿಸಾಡಬೇಡಿ ಎನ್ನುವುದು ಅದಕ್ಕೇ.

ಆಮೇಲಿನ ಹೆಜ್ಜೆಗಳು ಚಿಕ್ಕವು, ಪರಿಣಾಮ ದೊಡ್ಡದು. ಮೂರನೆಯ ಫಿನೈಲ್‌ಅಲನಿನ್ ಹೋಗಿ ಟೈರೊಸಿನ್ ಬಂತು, ಕೊನೆಯ ಆಲ್ಕೊಹಾಲ್ ಮತ್ತೆ ಆಮ್ಲವಾಯಿತು. ಡೋಟಾ ಕಟ್ಟಿದ ಈ ಅಣುವಿನಲ್ಲಿ ಮೊದಲನೆಯದೊಂದೇ ಇದ್ದರೆ ಡೋಟಾಟಾಕ್ (ಟಾಕ್), ಎರಡೂ ಇದ್ದರೆ ಡೋಟಾಟೇಟ್ (ಟೇಟ್). ಗ್ಯಾಲಿಯಂ ಹಿಡಿದಾಗ ರಿಸೆಪ್ಟರ್ 2ಕ್ಕೆ ಟಾಕ್‌ನ ಐಸಿ50 2.5 ನ್ಯಾನೊಮೋಲಾರ್, ಟೇಟ್‌ನದು 0.2. ರಿಸೆಪ್ಟರ್ 5ಕ್ಕೆ ಟಾಕ್ 73, ಟೇಟ್ 377. ಮೂರನೆಯ ಜಾಗದಲ್ಲಿ ನಾಫ್ತೈಲ್‌ಅಲನಿನ್ ಇಟ್ಟ ಡೋಟಾನಾಕ್ 2ಕ್ಕೆ 1.9, 3ಕ್ಕೆ 40, 5ಕ್ಕೆ 7.2. ಅಂದರೆ ಉದ್ದಕ್ಕೂ ಒಂದೇ ಚೌಕಟ್ಟು, ಮೂರನೆಯ ಜಾಗ ಮತ್ತು ಬಾಲದ ತುದಿಯಿಂದಲೇ ಆಯ್ಕೆಯನ್ನು ಅತ್ತಿತ್ತ ತಿರುಗಿಸಬಹುದು. ನೀವು ಬದಲಾವಣೆಗಳನ್ನು ಯೋಚಿಸುತ್ತಿದ್ದರೆ ಈ ಎರಡು ಜಾಗಗಳಲ್ಲೇ ಆರಂಭಿಸಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಟಾಕ್‌ಗಿಂತ ಟೇಟ್ ಹತ್ತು ಪಟ್ಟು ಬಿಗಿ, ಆದರೆ ರೋಗಿಗಳಲ್ಲಿ ಎರಡರ ಚಿತ್ರಗಳೂ ಹೆಚ್ಚುಕಡಿಮೆ ಒಂದೇ. ಒಂದು ಹಂತ ದಾಟಿದ ಮೇಲೆ ಬಿಗಿತ ಹೆಚ್ಚಿಸುವುದರಿಂದ ಚಿತ್ರ ಸುಧಾರಿಸುವುದಿಲ್ಲ. ಆ ಹಂತ ಎಲ್ಲಿದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು, ಹಾಕಲೇಬೇಕು. ಒಂದು ಗ್ರಾಂ ಗೆಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶ, ಕೋಶಕ್ಕೆ ಒಂದು ಲಕ್ಷ ರಿಸೆಪ್ಟರ್ ಎಂದಿಟ್ಟುಕೊಳ್ಳಿ. ಗುಣಿಸಿ ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಿದರೆ ಗ್ರಾಂಗೆ 0.17 ನ್ಯಾನೊಮೋಲ್, ಅಂದರೆ ಸುಮಾರು 170 ನ್ಯಾನೊಮೋಲಾರ್. ಇದನ್ನು ಬಂಧನದ ಸ್ಥಿರಾಂಕದಿಂದ ಭಾಗಿಸಿ: 3 ನ್ಯಾನೊಮೋಲಾರ್ ಇದ್ದರೆ 57, 30 ಇದ್ದರೆ 6ಕ್ಕೂ ಕಡಿಮೆ. ಈ ಭಾಗಲಬ್ಧ ಕನಿಷ್ಠ 10 ಇರಲಿ ಎನ್ನುವುದು ರೂಢಿಯ ಅಂದಾಜು. ನಿಮ್ಮ ಕೋಶಗಳಲ್ಲಿ ಲಕ್ಷವಲ್ಲ, ಹತ್ತು ಸಾವಿರ ರಿಸೆಪ್ಟರ್ ಮಾತ್ರ ಇದ್ದರೆ 30 ನ್ಯಾನೊಮೋಲಾರಿನ ಲಿಗ್ಯಾಂಡಿನಿಂದ ಏನೂ ಕಾಣುವುದಿಲ್ಲ, ಕೀಲೇಟರ್ ಎಷ್ಟೇ ಒಳ್ಳೆಯದಿರಲಿ. ಆದ್ದರಿಂದ ಇಲಿಗೆ ಚುಚ್ಚುವ ಮೊದಲು ಆ ಕೋಶಗಳ ಮೇಲೆ ಎಷ್ಟು ರಿಸೆಪ್ಟರ್ ಇವೆ ಎಂದು ಸ್ಯಾಚುರೇಶನ್ ಪ್ರಯೋಗದಿಂದ (ರಿಸೆಪ್ಟರುಗಳೆಲ್ಲ ತುಂಬುವವರೆಗೆ ಲಿಗ್ಯಾಂಡ್ ಏರಿಸುತ್ತ ಹೋಗುವುದು) ಎಣಿಸಿ. ಬಹಳ ಮಂದಿ ಬಿಡುವ ಹೆಜ್ಜೆ ಇದು.

ಇನ್ನು ನಿಮ್ಮ 3 ಹೇಗೆ 30 ಆಯಿತು ಎಂಬುದಕ್ಕೆ ಬರೋಣ.

ಮೊದಲು ಅನುಮಾನಿಸಬೇಕಾದದ್ದು ಡೋಟಾ ಎಲ್ಲಿ ಕೂತಿದೆ ಎನ್ನುವುದನ್ನು. ಪೆಪ್ಟೈಡನ್ನು ಅದು ಬೆಳೆದ ರಾಳದ ಮಣಿಗಳಿಂದ ಬಿಡಿಸಿ, ರಕ್ಷಕ ಗುಂಪುಗಳನ್ನು (ಬೇಡದ ಜಾಗಗಳನ್ನು ತಾತ್ಕಾಲಿಕವಾಗಿ ಮುಚ್ಚುವ ಟೋಪಿಗಳು) ತೆಗೆದ ಮೇಲೆ ದ್ರಾವಣದಲ್ಲಿ ಡೋಟಾ ಜೋಡಿಸಿದ್ದರೆ, ಅದು ಮೊದಲ ತುದಿಯ ಅಮೈನಿಗೆ ಅಂಟಿರಬಹುದು, ಲೈಸಿನ್ನಿನ ಪಕ್ಕದ ಸರಪಳಿಯ ಅಮೈನಿಗೂ ಅಂಟಿರಬಹುದು. ಎರಡರ ತೂಕವೂ ಒಂದೇ, ದ್ರವ್ಯರಾಶಿ ಮಾಪಕಕ್ಕೆ ವ್ಯತ್ಯಾಸ ಗೊತ್ತಾಗದು. ಲೈಸಿನ್ ಮುಚ್ಚಿದ ಅಣು ಆಸ್ಪಾರ್ಟೇಟ್ 122ನ್ನು ಮುಟ್ಟಲಾರದು, ಅಂಟುವುದೇ ಇಲ್ಲ. ಹತ್ತರಲ್ಲಿ ಒಂಬತ್ತು ಭಾಗ ಹೀಗಾಗಿದ್ದರೆ ನಿಮಗೆ ಕಾಣುವುದು ಹತ್ತು ಪಟ್ಟು ಕುಸಿತ. ಇದರಿಂದ ಪಾರಾಗುವ ದಾರಿ ಸರಳ: ರಾಳದ ಮೇಲೆ, ಲೈಸಿನ್ ಇನ್ನೂ ಬಾಕ್ ಎಂಬ ಗುಂಪಿನ ರಕ್ಷಣೆಯಲ್ಲಿರುವಾಗಲೇ ಡೋಟಾ-ಟ್ರಿಸ್-ಟರ್ಷಿಯರಿ-ಬ್ಯೂಟೈಲ್ ಎಸ್ಟರನ್ನು ಜೋಡಿಸಿ. ಎಫ್‌ಮಾಕ್ ಎಂಬ ಇನ್ನೊಂದು ರಕ್ಷಕ ಗುಂಪಿನ ವಿಧಾನದಲ್ಲಿ ಕೊನೆಯ ಅಮೈನೋ ಆಮ್ಲದ ಎಫ್‌ಮಾಕನ್ನು ಡಿಎಂಎಫ್‌ನಲ್ಲಿನ 20 ಶೇಕಡಾ ಪೈಪೆರಿಡಿನ್ನಿನಿಂದ ತೆಗೆದು, 2ರಿಂದ 3 ಪಟ್ಟು ಡೋಟಾ ಎಸ್ಟರ್, ಎಚ್‌ಎಟಿಯು, ಡಿಐಪಿಇಎ (ಕೊನೆಯ ಎರಡೂ ಜೋಡಣೆಗೆ ನೆರವಾಗುವ ರಾಸಾಯನಿಕಗಳು) ಹಾಕಿ ಎರಡು ಗಂಟೆ ಅಲುಗಾಡಿಸಿ. ಕೈಸರ್ ಪರೀಕ್ಷೆಯಲ್ಲಿ (ಬಿಡುವಾಗಿ ಉಳಿದ ಅಮೈನಿಗೆ ನೀಲಿ ಬಣ್ಣ ಬರುತ್ತದೆ) ನೀಲಿ ಉಳಿದಿದ್ದರೆ ಇನ್ನೊಮ್ಮೆ. ಬಾಲದಲ್ಲಿ ಆಮ್ಲ ಬೇಕಿದ್ದರೆ 2-ಕ್ಲೋರೋಟ್ರೈಟೈಲ್ ರಾಳ ತೆಗೆದುಕೊಳ್ಳಿ.

ಬಿಡಿಸುವಾಗ 95 ಭಾಗ ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ), ಉಳಿದದ್ದು ನೀರು ಮತ್ತು ಟ್ರೈಐಸೊಪ್ರೊಪೈಲ್ ಸೈಲೇನ್. ಡೋಟಾದ ಬ್ಯೂಟೈಲ್ ಎಸ್ಟರುಗಳು ಬೇಗ ಬಿಡುವುದಿಲ್ಲ. ಎರಡು ಗಂಟೆಗೆ ನಿಲ್ಲಿಸಿದರೆ ತೂಕದಲ್ಲಿ +56, +112ರ ಶಿಖರಗಳು ಕಾಣುತ್ತವೆ. ಹಾಗೆ ಕಂಡರೆ ಇನ್ನೆರಡು ಮೂರು ಗಂಟೆ ಕೊಡಿ. +53ರ ಶಿಖರ ಕಂಡರೆ ಅದು ಬೇರೆ ಕಾಯಿಲೆ: ಡೋಟಾದೊಳಗೆ ಕಬ್ಬಿಣ ಕೂತಿದೆ. ಗಾಜಿನ ಪಾತ್ರೆ, ಸ್ಟೀಲ್ ಚಮಚ, ಎಚ್‌ಪಿಎಲ್‌ಸಿಯ (ಮಿಶ್ರಣವನ್ನು ಬೇರ್ಪಡಿಸುವ ಯಂತ್ರ) ಕೊಳವೆ, ಎಲ್ಲಿಂದಲೂ ಬಂದಿರಬಹುದು. ಕಬ್ಬಿಣ ಕೂತ ಡೋಟಾಕ್ಕೆ ಗ್ಯಾಲಿಯಂ ಹೋಗುವುದಿಲ್ಲ.

ಉಂಗುರ ಮುಚ್ಚುವುದನ್ನು ದ್ರಾವಣದಲ್ಲಿ ಮಾಡುವುದಾದರೆ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ತೆಳುವಾಗಿರಲಿ. ಗಟ್ಟಿಯಾದರೆ ಒಂದು ಪೆಪ್ಟೈಡಿನ ಸಿಸ್ಟೀನ್ ಇನ್ನೊಂದರ ಸಿಸ್ಟೀನಿಗೆ ಅಂಟಿ ಜೋಡಿಗಳಾಗುತ್ತವೆ. ಸಿಸ್ಟೀನುಗಳ ಅಸಿಟಮಿಡೋಮಿಥೈಲ್ ರಕ್ಷಣೆ ತೆಗೆಯಲು ಅಯೋಡಿನ್ ಬಳಸುವವರು ಕೆಲಸ ಮುಗಿದ ಕೂಡಲೇ ಆಸ್ಕಾರ್ಬಿಕ್ ಆಮ್ಲ ಹಾಕಿ ತಣಿಸಬೇಕು. ತಡವಾದರೆ ಟ್ರಿಪ್ಟೊಫಾನ್ ಆಕ್ಸಿಡೀಕರಣಗೊಂಡು +16 ಬರುತ್ತದೆ. ಆ ನಾಲ್ಕರಲ್ಲೊಂದು ಹೋದ ಮೇಲೆ ಏನು ಉಳಿಯಿತು? ಡೋಟಾಟೇಟನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅದರ ಸರಾಸರಿ ಅಣುತೂಕ 1435.6; ಹಗುರ ಐಸೊಟೋಪುಗಳಷ್ಟೇ ಇರುವ ಅಣು (1434.6) ಎರಡು ಪ್ರೋಟಾನು ಹಿಡಿದಾಗ ಶಿಖರ 718.3ರಲ್ಲಿ ಬರುತ್ತದೆ.

ಎರಡನೆಯ ಅನುಮಾನ ಸಾಂದ್ರತೆಯದು. ಎಚ್‌ಪಿಎಲ್‌ಸಿಯಲ್ಲಿ ಶುದ್ಧಗೊಳಿಸಿ ಒಣಗಿಸಿದ ಪೆಪ್ಟೈಡಿನಲ್ಲಿ ಟಿಎಫ್‌ಎ ಲವಣವೂ ನೀರೂ ಇರುತ್ತವೆ, ತಕ್ಕಡಿ ಅವನ್ನೂ ಪೆಪ್ಟೈಡೆಂದೇ ತೂಗುತ್ತದೆ. ತೂಕವನ್ನು ನಂಬದೆ 280 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆಯಿರಿ: ಟ್ರಿಪ್ಟೊಫಾನಿಗೆ 5500, ಟೈರೊಸಿನಿಗೆ 1490, ಗಂಧಕದ ಸೇತುವೆಗೆ 125, ಒಟ್ಟು 7115. ನಿಮ್ಮದರಲ್ಲಿ ಟೈರೊಸಿನ್ ಇಲ್ಲದಿದ್ದರೆ ಆ ಭಾಗ ಕಳೆಯಿರಿ.

ಮೂರನೆಯದು ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು. ಖಾಲಿ ಡೋಟಾ ಇರುವ ಅಣುವನ್ನು ಅಳೆದಿದ್ದರೆ ಆ 30ಕ್ಕೆ ಅರ್ಥ ಕಡಿಮೆ. ಖಾಲಿ ಕೀಲೇಟರಿನ ವಿದ್ಯುದಂಶ ಬೇರೆ, ಆಕಾರ ಬೇರೆ. ವಿಕಿರಣವಿಲ್ಲದ ಸಾಮಾನ್ಯ ಗ್ಯಾಲಿಯಂ ಲವಣದ 3ರಿಂದ 5 ಪಟ್ಟನ್ನು ಹಾಕಿ, ಪಿಎಚ್ 4ರ ಅಸಿಟೇಟಿನಲ್ಲಿ 95 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಹೆಚ್ಚುವರಿ ಲೋಹವನ್ನು ಸಿ18 ಕಾರ್ಟ್ರಿಜ್ಜಿನಲ್ಲಿ (ಪೆಪ್ಟೈಡನ್ನು ಹಿಡಿದು ಲವಣವನ್ನು ಬಿಟ್ಟುಬಿಡುವ ಚಿಕ್ಕ ಸ್ತಂಭ) ತೊಳೆದು, ಆ ಸಂಯುಕ್ತವನ್ನು ಅಳೆಯಿರಿ. ಮುಂದೆ ಚಿಕಿತ್ಸೆಗೆ ಲ್ಯುಟೇಶಿಯಂ ಬಳಸುವ ಆಲೋಚನೆ ಇದ್ದರೆ ಅದರದ್ದನ್ನೂ ಬೇರೆಯಾಗಿ ಮಾಡಿ. ಡೋಟಾದೊಳಗೆ ಗ್ಯಾಲಿಯಂ ಆರು ಕೈಗಳಿಂದ ಹಿಡಿಸಿಕೊಳ್ಳುತ್ತದೆ, ಒಂದು ಕಾರ್ಬಾಕ್ಸಿಲೇಟ್ ಬಿಡುವಾಗಿ ತೂಗಾಡುತ್ತದೆ. ಇಟ್ರಿಯಂ ಮತ್ತು ಲ್ಯುಟೇಶಿಯಂ ಎಂಟು ಕೈ ಕೇಳುತ್ತವೆ. ಹೊರಮೈ ಬದಲಾಗುವುದು ಅಲ್ಲಿ. ಡೋಟಾಟೇಟಿಗೆ ಇಟ್ರಿಯಂ ಹಾಕಿದರೆ ಐಸಿ50 1.6, ಗ್ಯಾಲಿಯಂ ಹಾಕಿದರೆ 0.2, ಅಂದರೆ ಗ್ಯಾಲಿಯಂ ಅದೃಷ್ಟ ತಂದಿತು. ಜೆಆರ್11 ಎಂಬ ಇನ್ನೊಂದು ಪೆಪ್ಟೈಡಿನಲ್ಲಿ ಕಥೆ ಉಲ್ಟಾ: ಗ್ಯಾಲಿಯಂ-ಡೋಟಾ-ಜೆಆರ್11ರ ಐಸಿ50 29, ಡೋಟಾದ ಬದಲು ನೋಡಾಗಾ ಎಂಬ ಕೀಲೇಟರ್ ಹಾಕಿದರೆ 1.2. ಪೆಪ್ಟೈಡಿನ ಒಂದು ಪರಮಾಣುವೂ ಬದಲಾಗಿಲ್ಲ! ನಿಮ್ಮ ಅಂಕಿ ಈ 29ರ ಪಕ್ಕದಲ್ಲೇ ಇರುವುದರಿಂದ, ನೋಡಾಗಾ ಆವೃತ್ತಿಯೊಂದನ್ನು ತಯಾರಿಸಿ ಎಂಬುದು ನನ್ನ ಖಚಿತ ಸಲಹೆ. ಅದಕ್ಕೆ ಗ್ಯಾಲಿಯಂ ಕೋಣೆಯ ಉಷ್ಣತೆಯಲ್ಲೇ ಹತ್ತು ನಿಮಿಷದಲ್ಲಿ ಕೂರುತ್ತದೆ, ಕುದಿಸುವ ಅಗತ್ಯವಿಲ್ಲ. ನೋಡಾಗಾದಿಂದಲೂ ಬಿಗಿತ ಮರಳದಿದ್ದರೆ ಮಾತ್ರ ಕೀಲೇಟರಿಗೂ ಪೆಪ್ಟೈಡಿಗೂ ನಡುವೆ ಬೀಟಾ-ಅಲನಿನ್ ಅಥವಾ ಚಿಕ್ಕ ಪೆಗ್ (ನೀರಿನಲ್ಲಿ ಕರಗುವ ಪಾಲಿಎಥಿಲೀನ್ ಗ್ಲೈಕಾಲ್) ಕೊಂಡಿ ಸೇರಿಸಿ. ಉದ್ದನೆಯ ಕೊಬ್ಬಿನ ಸರಪಳಿಯಂಥ ಕೊಂಡಿ ಹಾಕಿದರೆ ಅಣು ಮತ್ತೆ ಪಿತ್ತದ ದಾರಿ ಹಿಡಿಯುತ್ತದೆ.

ಅಳೆಯುವ ವಿಧಾನದಲ್ಲೂ ಎರಡು ಗುಂಡಿಗಳಿವೆ. ಕೋಶದ ಪೊರೆ ಹೆಚ್ಚು ಹಾಕಿದರೆ ವಿಕಿರಣಶೀಲ ಲಿಗ್ಯಾಂಡಿನ ಬಹುಪಾಲು ಅಂಟಿಬಿಟ್ಟು ದ್ರಾವಣದಲ್ಲಿ ಖಾಲಿಯಾಗುತ್ತದೆ, ಬಿಗಿತ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಅಂಟಿದ್ದು ಒಟ್ಟಿನ ಹತ್ತನೆಯ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಇನ್ನೊಂದು: ಐಸಿ50 ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುವ ಅಂಕಿ. ಪ್ರತಿ ತಟ್ಟೆಯಲ್ಲೂ ಸಾಮಾನ್ಯ ಸೊಮ್ಯಾಟೊಸ್ಟಾಟಿನ್ ಅಥವಾ ಆಕ್ಟ್ರಿಯೊಟೈಡಿನ ಒಂದು ವಕ್ರರೇಖೆ ಇರಲೇಬೇಕು. ಆಯ್ಕೆಯ ಬಗ್ಗೆ ಮಾತಾಡುವುದಾದರೆ ಐದೂ ರಿಸೆಪ್ಟರುಗಳನ್ನು ಒಂದೊಂದಾಗಿ ಹೊತ್ತ ಐದು ಕೋಶಸಾಲುಗಳ ಮೇಲೆ, ಒಂದೇ ದಿನ, ಒಂದೇ ಸೀಸೆಯಿಂದ ತೆಗೆದು ಅಳೆಯಿರಿ. ‘2ಕ್ಕೆ ಅಂಟುತ್ತದೆ’ ಎಂದರೆ ‘2ನ್ನು ಆಯ್ದು ಹಿಡಿಯುತ್ತದೆ’ ಎಂದಾಗುವುದಿಲ್ಲ.

ಈಗ ಇಲಿಯ ಚಿತ್ರ. ಚಿತ್ರದಲ್ಲಿ ಎಲ್ಲಿ ಹೊಳೆಯುತ್ತದೆ ಎನ್ನುವುದೇ ತಪ್ಪನ್ನು ಹೇಳಿಬಿಡುತ್ತದೆ, ಓದಲು ಕಲಿಯಬೇಕು ಅಷ್ಟೆ. ಗ್ಯಾಲಿಯಂ ಕೀಲೇಟರಿನಿಂದ ಬಿಡಿಸಿಕೊಂಡಿದ್ದರೆ ರಕ್ತದ ಟ್ರಾನ್ಸ್‌ಫೆರಿನ್ನಿಗೆ ಅಂಟಿ ಹೃದಯ ಮತ್ತು ದೊಡ್ಡ ರಕ್ತನಾಳಗಳಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಲೇಬಲ್ ಮಾಡುವಾಗ ಹೈಡ್ರಾಕ್ಸೈಡ್ ಕಣಗಳಾಗಿದ್ದರೆ ಯಕೃತ್ತು ಮತ್ತು ಗುಲ್ಮ ಬೆಳಗುತ್ತವೆ. ಬಿಡುಗಡೆಯಾದ ಲ್ಯುಟೇಶಿಯಂ ಮತ್ತು ಫ್ಲೋರೈಡ್ ಎಲುಬಿಗೆ ಹೋಗುತ್ತವೆ, ಅಯೋಡೈಡ್ ಥೈರಾಯ್ಡಿಗೆ ಮತ್ತು ಹೊಟ್ಟೆಗೆ. ಕರುಳು ಬೆಳಗಿದರೆ ಅಣುವಿಗೆ ಕೊಬ್ಬಿನ ಒಲವು ಹೆಚ್ಚಾಗಿದೆ. ನಿಮ್ಮಲ್ಲಿ ಬೆಳಗಿದ್ದು ಕಿಡ್ನಿ ಒಂದೇ. ಅಂದರೆ ಲೋಹ ಗಟ್ಟಿಯಾಗಿ ಕೂತಿದೆ, ಅಣು ನೀರಿನ ದಾರಿಯಲ್ಲೇ ಹೊರಟಿದೆ. ಇವೆರಡೂ ಒಳ್ಳೆಯ ಸುದ್ದಿ.

ಕಿಡ್ನಿ ಯಾಕೆ ಹಿಡಿದಿಡುತ್ತದೆ? ಸೋಸಿ ಬಂದ ಚಿಕ್ಕ ಪೆಪ್ಟೈಡುಗಳನ್ನು ಅಲ್ಲಿನ ನಾಳಗಳ ಮೊದಲ ಭಾಗದ ಕೋಶಗಳು ಮೆಗಾಲಿನ್ ಮತ್ತು ಕ್ಯುಬಿಲಿನ್ ಎಂಬ ಪ್ರೋಟೀನುಗಳ ಮೂಲಕ ಮತ್ತೆ ಒಳಗೆಳೆದುಕೊಳ್ಳುತ್ತವೆ. ಪೆಪ್ಟೈಡ್ ಅಲ್ಲಿ ಜೀರ್ಣವಾಗುತ್ತದೆ, ಲೋಹ ಹೊತ್ತ ಕೀಲೇಟರ್ ಮಾತ್ರ ಹೊರಬರಲಾರದೆ ಉಳಿಯುತ್ತದೆ. ಧನ ವಿದ್ಯುದಂಶವಿರುವ ಅಣುಗಳನ್ನು ಈ ವ್ಯವಸ್ಥೆ ಹೆಚ್ಚು ಎಳೆಯುತ್ತದೆ. ಲ್ಯುಟೇಶಿಯಂ ಚಿಕಿತ್ಸೆಯ ಹೊತ್ತಿಗೆ ರೋಗಿಗೆ ಲೈಸಿನ್ ಮತ್ತು ಆರ್ಜಿನಿನ್ ದ್ರಾವಣ, ಸಾಮಾನ್ಯವಾಗಿ ತಲಾ 25 ಗ್ರಾಂ, ಹನಿಸುವುದು ಈ ಬಾಗಿಲನ್ನು ಬೇರೆಯವರಿಂದ ತುಂಬಿಸಿಡುವುದಕ್ಕೆ. ಹಾಗೆಂದು ‘ಋಣ ವಿದ್ಯುದಂಶ ಸೇರಿಸಿದರೆ ಕಿಡ್ನಿ ತಿಳಿಯಾಗುತ್ತದೆ’ ಎಂಬ ಸೂತ್ರ ಮಾಡಿಕೊಳ್ಳಬೇಡಿ. ಸಿಸಿಕೆ2 ಎಂಬ ಬೇರೊಂದು ರಿಸೆಪ್ಟರಿಗೆ ಮಾಡಿದ ಮಿನಿಗ್ಯಾಸ್ಟ್ರಿನ್ ಪೆಪ್ಟೈಡುಗಳಲ್ಲಿ ಆರು ಗ್ಲುಟಮೇಟ್ ಸಾಲಾಗಿದ್ದಾಗ ಕಿಡ್ನಿ ಉರಿಯಿತು, ಐದನ್ನು ಕಿತ್ತಾಗ ತಣ್ಣಗಾಯಿತು, ಆದರೆ ಅಣು ರಕ್ತದಲ್ಲಿ ಬೇಗ ಮುರಿಯತೊಡಗಿತು. ಆರನ್ನೂ ಡಿ ರೂಪದಲ್ಲಿ ಇಟ್ಟಾಗ ಕಿಡ್ನಿಯೂ ತಣ್ಣಗೆ, ಅಣುವೂ ಗಟ್ಟಿ. ಇಂಥದ್ದನ್ನು ಊಹಿಸಲಾಗದು, ಮಾಡಿಯೇ ನೋಡಬೇಕು.

ನಿಮ್ಮ ಗೆಡ್ಡೆ ಮಂಕಾದದ್ದಕ್ಕೆ ಕಿಡ್ನಿಗಿಂತ ಮುಖ್ಯ ಕಾರಣ ಇನ್ನೊಂದಿರಬಹುದು: ಚುಚ್ಚಿದ ಪೆಪ್ಟೈಡಿನ ಪ್ರಮಾಣ. 200 ಮಿಲಿಗ್ರಾಂ ಗೆಡ್ಡೆಯಲ್ಲಿ, ಮೇಲಿನ ಲೆಕ್ಕದ ಪ್ರಕಾರ, 34 ಪಿಕೊಮೋಲ್ ರಿಸೆಪ್ಟರ್ ಇದೆ. ನೀವು 1 ನ್ಯಾನೊಮೋಲ್ ಚುಚ್ಚಿ, ಗ್ರಾಂಗೆ ಹತ್ತು ಶೇಕಡಾ ಸೇರಿತು ಎಂದರೆ ಆ ಗೆಡ್ಡೆಗೆ 20 ಪಿಕೊಮೋಲ್ ಹೋಗಬೇಕು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಭರ್ತಿ! 0.1 ನ್ಯಾನೊಮೋಲ್ ಚುಚ್ಚಿದರೆ 2 ಪಿಕೊಮೋಲ್, ಆರೇಳು ಶೇಕಡಾ. ಇಲಿಗೆ 0.1ರಿಂದ 0.2 ನ್ಯಾನೊಮೋಲ್ ಒಳಗೇ ಇರಿ. ಇದನ್ನು ಮರೆಯುವುದು ಯಾಕೆಂದರೆ ವಿಕಿರಣಶೀಲ ಪರಮಾಣುಗಳು ಎಷ್ಟು ಕಡಿಮೆ ಎಂಬುದು ಮನಸ್ಸಿಗೆ ಬರುವುದಿಲ್ಲ. ರೋಗಿಗೆ ಕೊಡುವ ಡೋಟಾಟೇಟ್ ಕಿಟ್ಟಿನಲ್ಲಿ 40 ಮೈಕ್ರೊಗ್ರಾಂ, ಅಂದರೆ 28 ನ್ಯಾನೊಮೋಲ್ ಪೆಪ್ಟೈಡ್ ಇರುತ್ತದೆ. 200 ಮೆಗಾಬೆಕ್ವೆರೆಲ್ ಗ್ಯಾಲಿಯಂ-68 ಎಂದರೆ 2 ಪಿಕೊಮೋಲ್ ಮಾತ್ರ. ಸುಮಾರು ಹದಿನಾಲ್ಕು ಸಾವಿರ ಪೆಪ್ಟೈಡುಗಳಲ್ಲಿ ಒಂದಕ್ಕೆ ಲೇಬಲ್ ಇದೆ. ಉಳಿದವು ಅದೇ ಕುರ್ಚಿಗೆ ಪೈಪೋಟಿ ಮಾಡುವವು.

ಕಡಿಮೆ ಪೆಪ್ಟೈಡಿನಲ್ಲಿ ಲೇಬಲ್ ಮಾಡಬೇಕಾದಾಗ ಲೋಹದ ಶುಚಿತ್ವವೇ ಜೀವಾಳ. ಕ್ಷಯಿಸುತ್ತ ಗ್ಯಾಲಿಯಂ-68 ಕೊಡುವ ಜರ್ಮೇನಿಯಂ-68ರ (ಅರ್ಧಾಯು 271 ದಿನ) ಜನರೇಟರಿನಿಂದ 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಗ್ಯಾಲಿಯಂ ಇಳಿಸುತ್ತೀರಿ. ಗ್ಯಾಲಿಯಂ-68 ಕ್ಷಯಿಸಿ ಆಗುವುದು ಸತು-68, ಅದೂ ಡೋಟಾದೊಳಗೆ ಕೂರುತ್ತದೆ. ಶನಿವಾರ ಭಾನುವಾರ ಮುಟ್ಟದ ಜನರೇಟರಿನಲ್ಲಿ ಸತು ತುಂಬಿರುತ್ತದೆ. ಸೋಮವಾರ ಬೆಳಿಗ್ಗೆ ಮೊದಲ ಇಳಿಕೆಯನ್ನು ಚೆಲ್ಲಿ, ನಾಲ್ಕು ಗಂಟೆ ಬಿಟ್ಟು ಎರಡನೆಯದನ್ನು ಬಳಸಿ. ಇಳಿದದ್ದರಲ್ಲಿ ಹೆಚ್ಚು ವಿಕಿರಣವಿರುವ ನಡುವಿನ ಒಂದೂವರೆ ಮಿಲಿಲೀಟರ್ ಸಾಕು. ಸೋಡಿಯಂ ಅಸಿಟೇಟ್ ಹಾಕಿ ಪಿಎಚ್ 3.5ರಿಂದ 4.5ರ ನಡುವೆ ತಂದು, 5ರಿಂದ 10 ನ್ಯಾನೊಮೋಲ್ ಪೆಪ್ಟೈಡ್ ಸೇರಿಸಿ, ಡೋಟಾ ಆದರೆ 95 ಡಿಗ್ರಿಗೆ 8ರಿಂದ 10 ನಿಮಿಷ. ಪಿಎಚ್ 5 ದಾಟಿತೋ, ಗ್ಯಾಲಿಯಂ ಹೈಡ್ರಾಕ್ಸೈಡ್ ಕಣಗಳಾಗತೊಡಗುತ್ತದೆ. 3ಕ್ಕಿಂತ ಇಳಿಯಿತೋ, ಡೋಟಾದ ಕೈಗಳೆಲ್ಲ ಪ್ರೋಟಾನು ಹಿಡಿದು ಲೋಹಕ್ಕೆ ಬಿಡುವಿಲ್ಲ. ಸಿ18 ಕಾರ್ಟ್ರಿಜ್ಜಿನ ಮೇಲೆ ಹಿಡಿದು, ನೀರಿನಲ್ಲಿ ತೊಳೆದು, ಅರ್ಧ ಎಥನಾಲ್ ಅರ್ಧ ನೀರಿನಿಂದ ಇಳಿಸಿ, ಲವಣನೀರು ಸೇರಿಸಿ ಎಥನಾಲ್ ಹತ್ತು ಶೇಕಡಾದೊಳಗೆ ಬರುವಂತೆ ಮಾಡಿ, 0.22 ಮೈಕ್ರೊಮೀಟರ್ ಸೋಸುಕದಿಂದ ದಾಟಿಸಿ. ಇಡೀ ದಾರಿಯಲ್ಲಿ ಲೋಹದ ಸೂಜಿ ಬೇಡ, ಪ್ಲಾಸ್ಟಿಕ್ ಕೊಳವೆಯೇ ಇರಲಿ. ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ, ಅರ್ಧ ಗಂಟೆ ತಡವಾದರೆ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು.

ಶುದ್ಧತೆ ನೋಡಲು ತೆಳುಪದರ ಪಟ್ಟಿ ಎರಡು ಓಡಿಸಿ, ಒಂದು ಸಾಲದು. 0.1 ಮೋಲಾರ್ ಸಿಟ್ರೇಟಿನಲ್ಲಿ ಬಿಡಿ ಗ್ಯಾಲಿಯಂ ಮುಂದೆ ಓಡುತ್ತದೆ, ಪೆಪ್ಟೈಡೂ ಹೈಡ್ರಾಕ್ಸೈಡ್ ಕಣಗಳೂ ಬುಡದಲ್ಲೇ ಉಳಿಯುತ್ತವೆ. ಅಮೋನಿಯಂ ಅಸಿಟೇಟ್ ಮತ್ತು ಮೆಥನಾಲಿನ ಸಮಮಿಶ್ರಣದಲ್ಲಿ ಪೆಪ್ಟೈಡ್ ಮುಂದೆ ಹೋಗಿ ಕಣಗಳು ಉಳಿಯುತ್ತವೆ. ಎಚ್‌ಪಿಎಲ್‌ಸಿಯನ್ನು ಮಾತ್ರ ನಂಬಿದರೆ ಕಣಗಳು ಸ್ತಂಭದಲ್ಲೇ ಸಿಕ್ಕಿಕೊಂಡು ಶುದ್ಧತೆ ಸುಳ್ಳಾಗಿ 99 ಎಂದು ಬರಬಹುದು.

ಸ್ಥಿರತೆಯ ಪರೀಕ್ಷೆಯಲ್ಲೂ ಹೀಗೇ ಮೋಸ ಹೋಗುವ ಜಾಗವಿದೆ. ನಳಿಕೆಯೊಳಗಿನ ಪ್ಲಾಸ್ಮಾದಲ್ಲಿ ಎರಡು ಗಂಟೆ ಗಟ್ಟಿಯಾಗಿದ್ದ ಪೆಪ್ಟೈಡ್ ಇಲಿಯೊಳಗೆ ಐದು ನಿಮಿಷದಲ್ಲಿ ತುಂಡಾಗಬಹುದು, ಯಾಕೆಂದರೆ ನೆಪ್ರಿಲೈಸಿನ್‌ನಂಥ ಕಿಣ್ವಗಳು ಹೆಚ್ಚಾಗಿ ಇರುವುದು ರಕ್ತನಾಳ, ಕಿಡ್ನಿ, ಕರುಳುಗಳ ಕೋಶಗೋಡೆಗೆ ಅಂಟಿಕೊಂಡು, ಪ್ಲಾಸ್ಮಾದಲ್ಲಲ್ಲ. ಚುಚ್ಚಿದ ಐದನೆಯ ನಿಮಿಷದಲ್ಲಿ ಇಡಿಟಿಎ ಇರುವ, ಮಂಜಿನಲ್ಲಿಟ್ಟ ನಳಿಕೆಗೆ ರಕ್ತ ತೆಗೆದು, ಅಸಿಟೊನೈಟ್ರೈಲಿನಿಂದ ಪ್ರೋಟೀನನ್ನು ಇಳಿಸಿ, ತಿಳಿಯನ್ನು ಎಚ್‌ಪಿಎಲ್‌ಸಿಗೆ ಹಾಕಿ. ನಿಮ್ಮದು ಗಂಧಕದ ಸೇತುವೆಯ ಉಂಗುರವಾದ್ದರಿಂದ ಬಹುಶಃ ಉಳಿಯುತ್ತದೆ. ಬಾಂಬೆಸಿನ್‌ನಂಥ ನೇರ ಪೆಪ್ಟೈಡುಗಳಲ್ಲಿ ಮೊದಲು ಕಾಡುವುದೇ ಇದು.

ಇನ್ನೊಂದು ನಿರ್ಧಾರ ನಿಮ್ಮ ಮುಂದಿದೆ: ರಿಸೆಪ್ಟರನ್ನು ಚಾಲೂ ಮಾಡುವ ಲಿಗ್ಯಾಂಡ್ ಬೇಕೋ, ಕೂತು ಸುಮ್ಮನಿರುವ ಪ್ರತಿರೋಧಿ ಬೇಕೋ? ಚಾಲೂ ಮಾಡುವವು ಕೋಶದೊಳಗೆ ಎಳೆಯಲ್ಪಟ್ಟು ವಿಕಿರಣವನ್ನು ಒಳಗೆ ಸಂಗ್ರಹಿಸುತ್ತವೆ, ಆದ್ದರಿಂದ ಅವೇ ಮೇಲು ಎಂದು ವರ್ಷಗಳ ಕಾಲ ಎಲ್ಲರೂ ನಂಬಿದ್ದರು. 2006ರಲ್ಲಿ ಸೊಮ್ಯಾಟೊಸ್ಟಾಟಿನ್ ಪ್ರತಿರೋಧಿಗಳು ಒಳಗೆ ಹೋಗದಿದ್ದರೂ ಗೆಡ್ಡೆಯಲ್ಲಿ ಹೆಚ್ಚು ಸೇರುತ್ತವೆ ಎಂದು ಇಲಿಗಳಲ್ಲಿ ತೋರಿಸಿದರು. ಅವು ರಿಸೆಪ್ಟರಿನ ಹೆಚ್ಚು ಜಾಗಗಳಿಗೆ ಅಂಟುತ್ತವೆ, ಚಾಲೂ ಸ್ಥಿತಿಯಲ್ಲಿಲ್ಲದವುಗಳಿಗೂ. ಅದಕ್ಕೇ ಪ್ರತಿರೋಧಿಯಾದ, ಐಸಿ50 29 ಇದ್ದ ಗ್ಯಾಲಿಯಂ-ಡೋಟಾ-ಜೆಆರ್11 ಕೂಡ, 0.2 ಇದ್ದ ಡೋಟಾಟೇಟಿಗೆ ಇಲಿಯ ಗೆಡ್ಡೆಯಲ್ಲಿ ಸರಿಸಾಟಿಯಾಗಿ ನಿಂತದ್ದು. ಆಕ್ಟ್ರಿಯೊಟೈಡ್ ಬಗೆಯ ಚೌಕಟ್ಟಿನಲ್ಲಿ ಇದರ ಕೀಲಿ ಒಂದು ಮತ್ತು ಎರಡನೆಯ ಜಾಗದಲ್ಲಿದೆ: ಡಿ-ಎಲ್ ಇರುವುದನ್ನು ಎಲ್-ಡಿ ಮಾಡಿದರೆ ಚಾಲಕ ಪ್ರತಿರೋಧಿಯಾಗುತ್ತದೆ. ನಿಮ್ಮ ಸರಣಿಯಲ್ಲಿ ಈ ಎರಡು ಜಾಗಗಳ ಕೈರೂಪ ಯಾವುದೆಂದು ನೋಡಿ. ಊಹೆ ಬೇಡ, ಸೈಕ್ಲಿಕ್ ಎಎಂಪಿ (ರಿಸೆಪ್ಟರ್ ಚಾಲೂ ಆದಾಗ ಕೋಶದೊಳಗೆ ಪ್ರಮಾಣ ಬದಲಾಗುವ ಸಂದೇಶದ ಅಣು) ಪರೀಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ. ಪ್ರತಿರೋಧಿಗೆ ಇನ್ನೊಂದು ಅನುಕೂಲ ಸುರಕ್ಷತೆಯದು. ಬಾಂಬೆಸಿನ್ ಬಗೆಯ ಚಾಲಕಗಳು ರೋಗಿಗಳಲ್ಲಿ ಹೊಟ್ಟೆ ಹಿಂಡುವ ನೋವು, ವಾಕರಿಕೆ ತಂದದ್ದರಿಂದಲೂ ಆ ಕ್ಷೇತ್ರ ಪ್ರತಿರೋಧಿಗಳ ಕಡೆ ತಿರುಗಿತು.

ಇನ್ನು ಈ ವಾರ ಮಾಡಬೇಕಾದದ್ದು, ಇರುವ ಸೀಸೆಯಿಂದಲೇ. ಲೈಸಿನ್ನಿನ ಅಮೈನ್ ಬಿಡುವಾಗಿದೆಯೇ ಎಂದು ಎನ್‌ಎಂಆರ್‌ನಲ್ಲಾಗಲಿ ತುಣುಕು-ದ್ರವ್ಯರಾಶಿ ವಿಶ್ಲೇಷಣೆಯಲ್ಲಾಗಲಿ ನೋಡಿ. ಬಿಡುವಾಗಿದ್ದರೆ ಸಾಮಾನ್ಯ ಗ್ಯಾಲಿಯಂ ತುಂಬಿ ಐಸಿ50 ಮತ್ತೆ ಅಳೆಯಿರಿ. ಅದು 10ಕ್ಕಿಂತ ಕೆಳಗೆ ಬಂದರೆ, 0.1 ನ್ಯಾನೊಮೋಲಿನಲ್ಲಿ ಮೂರು ಇಲಿ, ಅದೇ ಪ್ರಮಾಣದ ಜೊತೆಗೆ 100 ಪಟ್ಟು ಆಕ್ಟ್ರಿಯೊಟೈಡ್ ಸೇರಿಸಿ ಇನ್ನು ಮೂರು ಇಲಿ, ಒಂದು ಗಂಟೆಗೆ ಚಿತ್ರ ತೆಗೆದು ಅಂಗಗಳನ್ನು ಎಣಿಸಿ. ಎರಡನೆಯ ಗುಂಪಿನಲ್ಲಿ ಗೆಡ್ಡೆ ಆರಿ ಕಿಡ್ನಿ ಹಾಗೇ ಉರಿದರೆ, ಗೆಡ್ಡೆಯಲ್ಲಿರುವುದು ರಿಸೆಪ್ಟರಿನ ಹಿಡಿತ, ಕಿಡ್ನಿಯಲ್ಲಿರುವುದು ಮೆಗಾಲಿನ್ನಿನ ಎಳೆತ ಎಂದು ಗೊತ್ತಾಗುತ್ತದೆ. ಆಗ ಪೆಪ್ಟೈಡಿನ ಸರಣಿಯನ್ನು ಮುಟ್ಟದೆ ಕೀಲೇಟರ್ ಮತ್ತು ಕೊಂಡಿಯ ವಿದ್ಯುದಂಶದ ಮೇಲಷ್ಟೇ ಕೆಲಸ ಮಾಡಿ. ಎರಡೂ ಗುಂಪಿನ ಗೆಡ್ಡೆಗಳು ಒಂದೇ ಸಮ ಮಂಕಾಗಿದ್ದರೆ ಮೊದಲು ಆ ಗೆಡ್ಡೆಯನ್ನು ಕತ್ತರಿಸಿ, ರಿಸೆಪ್ಟರ್ 2 ಅದರಲ್ಲಿ ಉಳಿದಿದೆಯೇ ಎಂದು ಪ್ರತಿಕಾಯದಿಂದ ಬಣ್ಣ ಹಾಕಿ ನೋಡಿ. ರಿಸೆಪ್ಟರನ್ನು ಹೊರಗಿನಿಂದ ಸೇರಿಸಿದ ಕೋಶಸಾಲುಗಳು ಆಯ್ಕೆಯ ಔಷಧವಿಲ್ಲದೆ ಹಲವು ಸಲ ಬೆಳೆಸಿದಾಗ ಅದನ್ನು ಕಳೆದುಕೊಳ್ಳುವುದು ಅಪರೂಪವಲ್ಲ.